ಪಕ್ಕದ ಸೀಟೂ ಸೇರಿ ಎಷ್ಟು?

ಮಾರ್ಚ್ 3

ಹಳೆ ಕಾರುಗಳ ಅಂಗಡಿಯ ಮಾಲೀಕರಿಗೆ,

ಭಾನುವಾರದ ಪತ್ರಿಕೆಯಲ್ಲಿ ನಿಮ್ಮ ಜಾಹೀರಾತು ನೋಡಿದೆ. ಚಿತ್ರದ ಬಲತುದಿಯಲ್ಲಿ, ಗೋಡೆಗೆ ಒತ್ತಿ ನಿಲ್ಲಿಸಿರುವ ಬೂದು ಬಣ್ಣದ ಕಾರು ನನಗೆ ಬೇಕು. ಎಂಬತ್ತು ಸಾವಿರ ಎಂದು ಹಾಕಿದ್ದೀರಿ. ಹದಿನಾಲ್ಕು ವರ್ಷದ ಗಾಡಿಗೆ ಅಷ್ಟು ಕೇಳುವುದಕ್ಕೂ ಗಟ್ಟಿ ಗುಂಡಿಗೆ ಬೇಕು. ಐವತ್ತೈದಕ್ಕೆ ಕೊಡುವುದಾದರೆ ಮಾತು ಮುಂದುವರಿಸೋಣ.

ನಿಮ್ಮ ಊರು ಇಲ್ಲಿಂದ ಬಸ್ಸಿನಲ್ಲಿ ಇಡೀ ಹಗಲಿನ ದಾರಿ. ನನಗೆ ಮಂಡಿ ನೋವು, ಬಂದು ನೋಡಲಾರೆ. ಫೋನ್ ನಂಬರ್ ಕೊಟ್ಟಿದ್ದೀರಿ, ಆದರೆ ನಾನು ಫೋನ್ ಮಾಡುವುದಿಲ್ಲ. ಫೋನಿನಲ್ಲಿ ಮಾರುವವರ ಬಾಯಿಗೆ ಎದುರಿಲ್ಲ. ಕಾಗದದಲ್ಲಾದರೆ ನಿಮ್ಮ ಸಿಹಿ ಮಾತನ್ನು ಎರಡು ಸಲ ಓದಿ, ಹುಳುಕು ಎಲ್ಲಿದೆ ಎಂದು ಹುಡುಕಬಹುದು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಿಯಾದವಳು ನಾನು, ಲೆಕ್ಕದಲ್ಲಿ ನನ್ನನ್ನು ಯಾಮಾರಿಸುವುದು ಕಷ್ಟ.

ಬೇರೆ ಕಾರುಗಳ ಫೋಟೋ ಕಳಿಸಬೇಡಿ. ಇದೇ ಬೇಕು.

ಇಂತಿ,
ಗಣಿತದ ಮೇಡಂ


ಮಾರ್ಚ್ 9

ಮೇಡಂ ಅವರಿಗೆ ನಮಸ್ಕಾರ.

ನಮ್ಮ ಅಂಗಡಿಗೆ ಅಂಚೆಯವರು ಬರುವುದು ಕರೆಂಟ್ ಬಿಲ್ ಕೊಡುವುದಕ್ಕೆ ಮಾತ್ರ. ನಿಮ್ಮ ಪತ್ರ ನೋಡಿ ನಮ್ಮ ಮೇಸ್ತ್ರಿ, ಕೋರ್ಟಿನಿಂದ ನೋಟಿಸ್ ಬಂದಿರಬೇಕು ಎಂದು ಬೆವೆತುಹೋದ. ಓದಿದ ಮೇಲೆ ಇಬ್ಬರೂ ನಕ್ಕೆವು. ಲೆಕ್ಕದಲ್ಲಿ ನಿಮ್ಮನ್ನು ಯಾಮಾರಿಸಲಾಗದು, ಒಪ್ಪಿದೆ. ಆದರೆ "ಇದೇ ಬೇಕು" ಎಂದು ಮೊದಲ ಪತ್ರದಲ್ಲೇ ಬರೆದುಕೊಟ್ಟ ಮೇಲೆ ಚೌಕಾಸಿ ಮಾಡುವುದು ಹೇಗೆ ಹೇಳಿ? ಅಂಗಡಿಗೆ ಬಂದವರು ತಮಗೆ ಬೇಕಾದ ಗಾಡಿ ಬಿಟ್ಟು ಪಕ್ಕದ್ದನ್ನು ನೋಡುತ್ತಾ ನಿಲ್ಲುತ್ತಾರೆ. ನೀವು ನೇರ ಬಂದು ಕೈ ಹಿಡಿದುಬಿಟ್ಟಿರಿ.

ಗಾಡಿ ಅಪ್ಪಟ ಚಿನ್ನ. ಇಬ್ಬರ ಕೈ ಬದಲಾಗಿ ನನ್ನ ಹತ್ತಿರ ಬಂದಿದೆ. ಮೊದಲಿನವರು ಮಗುವಿನ ಹಾಗೆ ನೋಡಿಕೊಂಡಿದ್ದಾರೆ, ಸೀಟಿನ ಕವರುಗಳನ್ನಂತೂ ಯಾರೋ ಕೈಯಾರೆ ಹೊಲಿದಿದ್ದಾರೆ. ಅಂಥ ಹೊಲಿಗೆ ಈಗ ಹುಡುಕಿದರೂ ಸಿಗುವುದಿಲ್ಲ. ನಿಮಗೋಸ್ಕರ ಎರಡು ಸಾವಿರ ಬಿಟ್ಟೆ. ಎಪ್ಪತ್ತೆಂಟು. ಅದಕ್ಕಿಂತ ಕೆಳಗಿಳಿದರೆ ನನ್ನ ಹೆಂಡತಿ ಮನೆಯೊಳಗೆ ಸೇರಿಸುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಅಂಗಡಿಯ ಮಾಲೀಕ


ಮಾರ್ಚ್ 14

ಅಂಗಡಿಯವರೇ,

ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ತಿಳಿಸಿ, ಅವರನ್ನು ವ್ಯಾಪಾರದ ಮಧ್ಯೆ ಎಳೆಯಬೇಡಿ.

ಅಪ್ಪಟ ಚಿನ್ನ ಎನ್ನುತ್ತೀರಿ. ಹಿಂದಿನ ಎಡಗಡೆ ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ತಳ್ಳಿದರೆ ಮಾತ್ರ ಮುಚ್ಚಿಕೊಳ್ಳುತ್ತದೆ, ಅದನ್ನು ಬರೆಯಲಿಲ್ಲ. ಡಿಕ್ಕಿಯ ತಳದಲ್ಲಿ ನೀರು ನಿಲ್ಲುತ್ತದೆ, ಅದನ್ನೂ ಬರೆಯಲಿಲ್ಲ. ಐವತ್ತೆಂಟು ಕೊಡುತ್ತೇನೆ.

ಒಂದು ವಿಷಯ ಕೇಳಬೇಕಿತ್ತು. ಪಕ್ಕದ ಸೀಟಿನಲ್ಲಿ ಕೂತವರು ಬೆಲ್ಟ್ ಹಾಕದಿದ್ದರೆ ಟಿಣ್ ಟಿಣ್ ಎಂದು ಹೊಡೆದುಕೊಳ್ಳುವ ಗಂಟೆಯೊಂದು ಆ ಗಾಡಿಯಲ್ಲಿದೆ. ಮುಂದೆ ಕೆಂಪು ದೀಪವೂ ಹತ್ತುತ್ತದೆ. ಅದು ಈಗಲೂ ಕೆಲಸ ಮಾಡುತ್ತದೆಯೇ? ಉಳಿದದ್ದು ಏನು ಕೆಟ್ಟಿದ್ದರೂ ನಡೆಯುತ್ತದೆ, ಅದು ಕೆಟ್ಟಿರಬಾರದು. ಪರೀಕ್ಷೆ ಮಾಡಿ ಬರೆಯಿರಿ.

ಇಂತಿ,
ಗಣಿತದ ಮೇಡಂ


ಮಾರ್ಚ್ 20

ಮೇಡಂ ಅವರಿಗೆ,

ಇನ್ನು ತಮಾಷೆ ಸಾಕು. ಯಾವ ಅಂಗಡಿಯವರು ನಿಮ್ಮನ್ನು ಮುಂದೆ ಬಿಟ್ಟಿದ್ದಾರೆ ಹೇಳಿಬಿಡಿ. ಗಾಡಿಯನ್ನು ಕಣ್ಣಿಂದ ನೋಡದವರಿಗೆ ಹಿಂದಿನ ಬಾಗಿಲಿನ ಗುಟ್ಟು ಹೇಗೆ ಗೊತ್ತು? ನನಗೇ ಅದು ಗೊತ್ತಾಗಿದ್ದು ಬೆರಳು ಜಜ್ಜಿಸಿಕೊಂಡ ಮೇಲೆ. ಬಸ್ ನಿಲ್ದಾಣದ ಎದುರಿನ ಅಂಗಡಿಯವನು ಇಂಥ ಆಟದಲ್ಲಿ ಪಳಗಿದವನು. ಅವನ ಕಡೆಯವರಾದರೆ ನಿಮಗೂ ಅವನಿಗೂ ದೊಡ್ಡ ನಮಸ್ಕಾರ.

ಅಲ್ಲವಾದರೆ ಕೇಳಿ. ಗಂಟೆ ಕೆಲಸ ಮಾಡುತ್ತದೆ. ಮಾಡಬೇಕಾದ್ದಕ್ಕಿಂತ ಹೆಚ್ಚಾಗಿಯೇ ಮಾಡುತ್ತದೆ. ಬ್ಯಾಟರಿ ಸಾಯಬಾರದೆಂದು ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಎಲ್ಲಾ ಗಾಡಿಗಳನ್ನೂ ನಾನೇ ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿಡುತ್ತೇನೆ. ಈ ಗಾಡಿಗೆ ಕೀಲಿ ತಿರುಗಿಸಿದರೆ ಸಾಕು, ಟಿಣ್ ಟಿಣ್ ಶುರು. ಪಕ್ಕದ ಸೀಟಿನಲ್ಲಿ ಯಾರೂ ಇರುವುದಿಲ್ಲ, ಒಂದು ಚೀಲವೂ ಇರುವುದಿಲ್ಲ. ಸೀಟಿನಡಿಯ ಸೆನ್ಸರ್ ಹಾಳಾಗಿರಬೇಕು. ಸಣ್ಣ ರಿಪೇರಿ. ಈ ವಾರ ಮೇಸ್ತ್ರಿಗೆ ಹೇಳಿ ವೈರ್ ಕೀಳಿಸಿಬಿಡುತ್ತೇನೆ. ಈ ಒಂದು ದೋಷಕ್ಕೆಂದು ನಾನಾಗಿಯೇ ಇಳಿಯುತ್ತಿದ್ದೇನೆ: ಅರವತ್ತೈದು.

ಇಂತಿ,
ಮಾಲೀಕ


ಮಾರ್ಚ್ 23

ಅಂಗಡಿಯವರೇ,

ಎಪ್ಪತ್ತು ಕೊಡುತ್ತೇನೆ. ವೈರ್ ಮುಟ್ಟಬೇಡಿ. ಸೀಟನ್ನೂ ಮುಟ್ಟಬೇಡಿ. ಈ ಪತ್ರ ಕೈಗೆ ಬಂದ ಕೂಡಲೇ ಮೇಸ್ತ್ರಿಗೆ ಹೇಳಿ.

ನಾನು ಯಾವ ಅಂಗಡಿಯವಳೂ ಅಲ್ಲ. ನೀವೂ ಒಂದು ಮಾತು ನಿಜ ಹೇಳಿ: ನನ್ನ ಮೈದುನ ನಿಮಗೆ ಏನಾದರೂ ಹೇಳಿದನೇ? ಅವನಿಂದ ಕೇಳಿಕೊಂಡು, ನನ್ನ ಹೊಟ್ಟೆ ಉರಿಸಿ ಬೆಲೆ ಏರಿಸುವುದಕ್ಕೆ ಸೀಟಿನಲ್ಲಿ ಯಾರೂ ಇಲ್ಲ ಎಂದು ಬರೆದಿದ್ದರೆ, ಅಂಥ ದುಡ್ಡು ನಿಮಗೆ ದಕ್ಕುವುದಿಲ್ಲ.

ಗಣಿತದ ಮೇಡಂ


ಏಪ್ರಿಲ್ 2

ಮೇಡಂ ಅವರಿಗೆ,

ನಿಮ್ಮ ಮೈದುನ ಯಾರೆಂದೇ ನನಗೆ ಗೊತ್ತಿಲ್ಲ. ಇನ್ನೊಂದು, ನಾನು ಬೆಲೆ ಇಳಿಸಿದರೆ ನೀವು ಏರಿಸುತ್ತೀರಿ. ಇಪ್ಪತ್ತು ವರ್ಷದಿಂದ ಈ ವ್ಯಾಪಾರದಲ್ಲಿದ್ದೇನೆ, ಇಂಥ ಗಿರಾಕಿಯನ್ನು ಕಂಡಿಲ್ಲ.

ನಿಮ್ಮ ಪತ್ರ ಬರುವಷ್ಟರಲ್ಲಿ ವೈರ್ ಕಿತ್ತಾಗಿತ್ತು. ಕೋಪ ಮಾಡಿಕೊಳ್ಳಬೇಡಿ, ಮುಂದೆ ಓದಿ. ವೈರ್ ಕಿತ್ತ ಮೇಲೂ ಗಂಟೆ ನಿಲ್ಲಲಿಲ್ಲ. ಮೇಸ್ತ್ರಿಗೆ ಹಟ ಬಂತು. ಬೋಲ್ಟು ಬಿಚ್ಚಿ ಇಡೀ ಸೀಟನ್ನೇ ಹೊರಗಿಟ್ಟ. ಪಕ್ಕದಲ್ಲಿ ಬರೀ ತಗಡು ಕಾಣುತ್ತಿತ್ತು. ಕೀಲಿ ತಿರುಗಿಸಿದ. ಟಿಣ್ ಟಿಣ್ ಟಿಣ್. ಅವನು ಇಳಿದುಬಂದು ಕೈ ತೊಳೆದುಕೊಂಡ. ಸೀಟನ್ನು ಮತ್ತೆ ಕೂರಿಸಿದವನು ನಾನು. ಅವನು ಆ ಮೂಲೆಗೆ ಹೋಗುತ್ತಿಲ್ಲ.

ಶನಿವಾರ ಗಂಡ ಹೆಂಡತಿ ಗಾಡಿ ನೋಡಲು ಬಂದಿದ್ದರು. ಆಕೆ ಪಕ್ಕದ ಬಾಗಿಲು ತೆರೆದು, ಒಳಗೆ ಬಗ್ಗಿ, "ಅಯ್ಯೋ, ಕ್ಷಮಿಸಿ" ಎಂದು ಮೆಲ್ಲಗೆ ಮುಚ್ಚಿದರು. ಗಂಡ ಏನಾಯಿತು ಎಂದರೆ, "ಯಾರೋ ಹಿರಿಯರು ಕೂತಿದಾರೆ, ಅವರದ್ದು ಮುಗೀಲಿ" ಎಂದರು. ನಾನು ಅಲ್ಲೇ ನಿಂತಿದ್ದೆ. ಸೀಟು ಖಾಲಿಯಿತ್ತು. ಆಮೇಲೆ ಗಂಡ ಬಾಗಿಲು ತೆರೆದು ತೋರಿಸಿದ ಮೇಲೆ ಆಕೆಗೂ ಖಾಲಿಯೇ ಕಂಡಿತು. ಅವರು ಟೀ ಕೂಡ ಕುಡಿಯದೆ ಹೊರಟರು.

ನಿಮಗೆ ಹೇಳದೆ ಇಟ್ಟುಕೊಂಡಿದ್ದ ಒಂದು ಮಾತೂ ಇದೆ. ಬೆಳಿಗ್ಗೆ ಹೋದಾಗ ಎಲ್ಲಾ ಗಾಡಿಗಳ ಗಾಜಿನ ಮೇಲೂ ಹೊರಗಿನಿಂದ ಮಂಜು ಕೂತಿರುತ್ತದೆ. ಇದರ ಪಕ್ಕದ ಕಿಟಕಿಯ ಮೇಲೆ ಮಾತ್ರ ಒಳಗಿನಿಂದ ಕೂತಿರುತ್ತದೆ, ಮುಖ ಬರುವ ಎತ್ತರದಲ್ಲಿ, ಅಂಗೈಯಗಲ. ಗಾಡಿ ಬಂದ ದಿನದಿಂದಲೂ ಒರೆಸುತ್ತಾ ಬಂದಿದ್ದೇನೆ. ನನ್ನ ಬೆಲೆ ಯಾಕೆ ಇಳಿಯುತ್ತಿತ್ತು ಎಂದು ಈಗ ತಿಳಿಯಿತಲ್ಲ.

ನನಗೂ ಮಕ್ಕಳುಮರಿ ಇದ್ದಾರೆ ಮೇಡಂ. ಹದಿನೈದನೇ ತಾರೀಖು ಗುಜರಿಯವನು ಲಾರಿ ತರುತ್ತಾನೆ. ಕತ್ತರಿಸಿ ಕಬ್ಬಿಣದ ಲೆಕ್ಕಕ್ಕೆ ತೂಗಿಕೊಂಡು ಹೋಗುತ್ತಾನೆ. ಅಷ್ಟರೊಳಗೆ ಬೇಕಾದರೆ ನಲವತ್ತಕ್ಕೆ ನಿಮ್ಮದು. ಆದರೆ ನೀವು ಯಾರು, ಈ ಗಾಡಿ ನಿಮಗೆ ಯಾಕೆ ಬೇಕು, ಹೇಳದೆ ಕೊಡುವುದಿಲ್ಲ.

ಮಾಲೀಕ


ಏಪ್ರಿಲ್ 6

ಅಂಗಡಿಯವರೇ,

ಕತ್ತರಿಸಬೇಡಿ. ಎಲ್ಲವನ್ನೂ ಬರೆಯುತ್ತೇನೆ.

ಆ ಗಾಡಿ ನಮ್ಮದು. ಸೀಟಿನ ಕವರುಗಳನ್ನು ಹೊಲಿದವರು ನಮ್ಮ ಯಜಮಾನರು. ದರ್ಜಿ. ಕಣ್ಣು ಮಂಜಾಗುವವರೆಗೆ ಗಾಡಿಯನ್ನೂ ಅವರೇ ಓಡಿಸುತ್ತಿದ್ದರು. ಆಮೇಲೆ ಸ್ಟೀರಿಂಗ್ ನನ್ನ ಕೈಗೆ ಬಂತು, ಅವರು ಪಕ್ಕದ ಸೀಟಿಗೆ ಹೋದರು. ಅಲ್ಲಿ ಕೂತು, ಕಾಲ ಕೆಳಗಿನ ಮ್ಯಾಟನ್ನೇ ಬ್ರೇಕ್ ಎಂದುಕೊಂಡು ತುಳಿಯುತ್ತಿದ್ದರು. ದಿನಾ ನನ್ನ ಜೊತೆ ಶಾಲೆಯವರೆಗೆ ಬಂದು, ಅಲ್ಲಿಂದ ಬಂದ ದಾರಿಯಲ್ಲೇ ಹಿಂದಕ್ಕೆ ತಮ್ಮ ಅಂಗಡಿಗೆ ನಡೆದು ಹೋಗುತ್ತಿದ್ದರು. ಬೆಲ್ಟ್ ಮಾತ್ರ ಹಾಕುತ್ತಿರಲಿಲ್ಲ. ದರ್ಜಿಯ ಅಂಗಿ ಮುದುಡಿದ್ದರೆ ಗಿರಾಕಿ ಒಳಗೆ ಬರುವುದಿಲ್ಲ, ಬೆಲ್ಟ್ ಇಸ್ತ್ರಿ ಕೆಡಿಸುತ್ತದೆ ಎನ್ನುವುದು ಅವರ ವಾದ. ಮನೆಯಿಂದ ಶಾಲೆಯ ಗೇಟಿನವರೆಗೆ ಟಿಣ್ ಟಿಣ್. ಅದರ ಮೇಲೆ ನನ್ನ ಬೈಗುಳ. ಒಂದು ದಿನ ತಲೆ ಚಿಟ್ಟು ಹಿಡಿದು ಕೂಗಾಡಿದಾಗ ಅವರು ನಗುತ್ತಾ ಹೇಳಿದ್ದು ಇಷ್ಟು: "ಆ ಸದ್ದು ನಿಂತರೆ ನಾನು ಪಕ್ಕದಲ್ಲಿದೀನಿ ಅಂತ ನಿಂಗೆ ಹೇಗೆ ಗೊತ್ತಾಗುತ್ತೆ?"

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡಂತಾಗಿದೆ ಎಂದರು. ಆಸ್ಪತ್ರೆಗೆ ಹೊರಟೆವು. ಕೂತ ಕೂಡಲೇ ಅವರಾಗಿಯೇ ಬೆಲ್ಟ್ ಎಳೆದು ಹಾಕಿಕೊಂಡರು. ನಾನು ಹೇಳಿರಲಿಲ್ಲ. ದಾರಿಯುದ್ದಕ್ಕೂ ಸದ್ದೇ ಇಲ್ಲ. ಇವತ್ತಾದರೂ ಇವರಿಗೆ ಬುದ್ಧಿ ಬಂತಲ್ಲ ಎಂದು ನನಗೆ ಸಮಾಧಾನವೇ ಆಗಿತ್ತು. ರಸ್ತೆ ನೋಡಿಕೊಂಡು, ನಲ್ಲಿ ರಿಪೇರಿಯವನು ಕೈಕೊಟ್ಟದ್ದು, ಮಗಳ ಮನೆಗೆ ಹೋಗಬೇಕಾದದ್ದು, ಏನೇನೋ ಮಾತಾಡುತ್ತಾ ಓಡಿಸಿದೆ. ಆಸ್ಪತ್ರೆಯ ಬಾಗಿಲಲ್ಲಿ ಅಲ್ಲಿಯ ಆಳುಗಳು ಬಂದು ಬೆಲ್ಟ್ ಬಿಚ್ಚಿದರು. ಆ ಆಳುಗಳ ಕೈ ನಿಧಾನವಾದದ್ದನ್ನು ನೋಡಿಯೇ ನನಗೆ ತಿಳಿದದ್ದು.

ನಾನು ಮಗಳ ಮನೆಯಲ್ಲಿದ್ದಾಗ ಮೈದುನ ಗಾಡಿ ಮಾರಿಬಿಟ್ಟ. ಕಣ್ಣೆದುರು ಇದ್ದರೆ ಅತ್ತಿಗೆಗೆ ಸಂಕಟ ಎಂದು ಒಳ್ಳೆಯ ಮನಸ್ಸಿನಿಂದಲೇ ಮಾಡಿದ. ಮನೆ ಎಷ್ಟು ನಿಶ್ಶಬ್ದವಾಗಿದೆ ಎಂದರೆ ಗೋಡೆ ಗಡಿಯಾರದ ಸದ್ದೂ ಗದರಿಸಿದ ಹಾಗೆ ಕೇಳುತ್ತದೆ. ನಿಮ್ಮ ಜಾಹೀರಾತಿನ ಚಿತ್ರದಲ್ಲಿ ಅದರ ನಂಬರ್ ಕಂಡಾಗ ನನಗಿದ್ದ ಆಸೆ ಚಿಕ್ಕದು. ಆ ಸೀಟಿನ ಮೇಲೆ ಒಂದು ಭಾರದ ಚೀಲ ಇಟ್ಟು, ಕೀಲಿ ತಿರುಗಿಸಿ, ಆ ಟಿಣ್ ಟಿಣ್ ಕೇಳಿಕೊಂಡು ಶಾಲೆಯವರೆಗೆ ಹೋಗಿ ಬರಬೇಕು ಎಂದಿತ್ತು.

ನೀವು ನೋಡಿದರೆ ಚೀಲ ಬೇಡ ಎಂದು ಬರೆಯುತ್ತಿದ್ದೀರಿ.

ಎಪ್ಪತ್ತೈದು ಕೊಡುತ್ತೇನೆ. ಎಂಬತ್ತೇ ಕೊಡುತ್ತೇನೆ. ಗುಜರಿಯವನನ್ನು ವಾಪಸ್ ಕಳಿಸಿ.


ಏಪ್ರಿಲ್ 11

ಅಕ್ಕಾ,

ಇನ್ನು ಮೇಡಂ ಎಂದು ಬರೆಯಲು ಕೈ ಬರುತ್ತಿಲ್ಲ, ತಪ್ಪು ತಿಳಿಯಬೇಡಿ. ಹದಿನೈದಕ್ಕೆ ಬಂದಾಗ ಬೇರೊಂದು ಗಾಡಿ ಒಯ್ಯುವಂತೆ ಗುಜರಿಯವನಿಗೆ ಹೇಳಿ ಕಳಿಸಿದ್ದೇನೆ.

ನಿಮ್ಮ ಪತ್ರವನ್ನು ಮೊದಲು ಒಳಗೆ ಕೂತು ಓದಿದೆ. ಬೆಳಿಗ್ಗೆ ಗಾಡಿಗೆ ಹೋಗಿ, ಕೀಲಿ ತಿರುಗಿಸಿ, ಇನ್ನೊಮ್ಮೆ ಗಟ್ಟಿಯಾಗಿ ಓದಿದೆ. ಯಾಕೆ ಓದಿದೆನೋ ಕೇಳಬೇಡಿ. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಇಸ್ತ್ರಿಯ ಮಾತು ಬಂದಾಗ ನಿಂತಿತು. ಪತ್ರ ಮುಗಿಯುವವರೆಗೆ ನಿಂತೇ ಇತ್ತು. ಮುಗಿದ ಮೇಲೆ ಮತ್ತೆ ಶುರುವಾಯಿತು. ಅವತ್ತಿನಿಂದ ಗಾಜು ಒರೆಸುವಾಗ ನನಗೆ ಹೆದರಿಕೆಯಾಗುವುದಿಲ್ಲ. ನಮಸ್ಕಾರ ಹೇಳಿ ಒರೆಸುತ್ತೇನೆ. ಮೇಸ್ತ್ರಿ ನನ್ನನ್ನು ವಿಚಿತ್ರವಾಗಿ ನೋಡುತ್ತಾನೆ.

ಎಂಬತ್ತು ಬೇಡ. ನಲವತ್ತಕ್ಕೆ ನೀವು ಒಪ್ಪುವುದಿಲ್ಲ. ನಿಮ್ಮ ಮೊದಲ ಪತ್ರದ ಐವತ್ತೈದಕ್ಕೆ ಮುಗಿಸೋಣ. ಇದರ ಮೇಲೆ ಚೌಕಾಸಿ ಇಲ್ಲ.

ಗಾಡಿಯನ್ನು ನನ್ನ ಷಡ್ಡಕ ತಂದು ಬಿಡುತ್ತಾನೆ. ಅವನಿಗೆ ಎರಡು ಕಿವಿಯೂ ಮಂದ. ಹೆಂಡತಿ ಕೂಗಿದರೂ ಕೇಳಿಸುವುದಿಲ್ಲ ಎಂದು ಮನೆಮಂದಿಯೆಲ್ಲ ಆಡಿಕೊಳ್ಳುತ್ತೇವೆ, ಈ ಕೆಲಸಕ್ಕೆ ಅವನೇ ಸರಿ. ಆದರೂ ಒಂದು ಮಾತು ಯೋಚನೆ ಮಾಡಿ ಅಕ್ಕಾ. ನಾನು ಮಾರುವವನು, ಹೀಗೆ ಹೇಳಬಾರದು. ಬೇಕಾದದ್ದು ಮನೆಗೇ ಬಂದು ಕೂತ ಮೇಲೆ ಏನು ಮಾಡುತ್ತೀರಿ?

ನಿಮ್ಮ ತಮ್ಮನಂಥವನು,
ಮಾಲೀಕ


ಏಪ್ರಿಲ್ 15

ತಮ್ಮಾ,

ದುಡ್ಡು ಕಳಿಸಿದ್ದೇನೆ. ಐವತ್ತೈದು ಎಂದರೆ ಐವತ್ತೈದು. ನೀನು ಗೆದ್ದೆಯೋ ನಾನು ಗೆದ್ದೆನೋ ಈ ಲೆಕ್ಕ ನನಗೇ ಬಿಡಿಸಲಾಗುತ್ತಿಲ್ಲ.

ಏನು ಮಾಡುತ್ತೀರಿ ಎಂದು ಕೇಳಿದ್ದೀಯ. ಶಾಲೆಯವರೆಗೆ ಹೋಗಿ ಬರುತ್ತೇನೆ, ಅಷ್ಟೆ. ಮನೆಯ ಮುಂದಿನ ಜಾಗ ಗುಡಿಸಿಟ್ಟಿದ್ದೇನೆ. ನಿನ್ನೆಯಿಂದ ಅನ್ನ ಸೇರುತ್ತಿಲ್ಲ, ಕನ್ನಡಿಯ ಮುಂದೆ ಎರಡು ಸಲ ನಿಂತೆ. ಈ ವಯಸ್ಸಿನಲ್ಲಿ ಇದೇನು ಮರುಳು ಎಂದು ನಗಬೇಡ.

ನಿನ್ನ ಷಡ್ಡಕನಿಗೆ ಹೇಳು: ದಾರಿಯಲ್ಲಿ ಏನಾದರೂ ಆಗಲಿ, ಪಕ್ಕದ ಬೆಲ್ಟನ್ನು ಮುಟ್ಟಕೂಡದು.


ಏಪ್ರಿಲ್ 29

ಅಕ್ಕಾ,

ಷಡ್ಡಕ ಬಸ್ಸಿನಲ್ಲಿ ವಾಪಸ್ ಬಂದು ವಾರದ ಮೇಲಾಯಿತು. ದಾರಿಯುದ್ದಕ್ಕೂ ಕೆಂಪು ದೀಪ ಹತ್ತಿಕೊಂಡೇ ಇತ್ತಂತೆ. ಬೆಲ್ಟ್ ಮುಟ್ಟಿಲ್ಲ ಎಂದು ಆಣೆ ಹಾಕಿದ್ದಾನೆ. ಗೇಟಿನಲ್ಲಿ ನೀವು ಅವನ ಕೈಯಿಂದ ಕೀಲಿ ಕಸಿದುಕೊಂಡಿರಂತೆ, ನೀರು ಕೊಡುವುದನ್ನೂ ಮರೆತಿರಂತೆ. ಕಿವುಡನಾದರೂ ಅವನಿಗೆ ನಿಮ್ಮ ಮುಖ ನೋಡಿ ಖುಷಿಯಾಯಿತಂತೆ.

ಆಮೇಲೆ ನಿಮ್ಮಿಂದ ಒಂದು ಸಾಲೂ ಇಲ್ಲ. ಇಲ್ಲಿ ಆ ಮೂಲೆ ಖಾಲಿ ಬಿದ್ದಿದೆ. ಬೆಳಿಗ್ಗೆ ಬಂದು ಎಲ್ಲಾ ಗಾಡಿ ಸ್ಟಾರ್ಟ್ ಮಾಡುತ್ತೇನೆ, ಒಂದೂ ಸದ್ದು ಮಾಡುವುದಿಲ್ಲ. ಹಾಗೆ ನೋಡಿದರೆ ನೆಮ್ಮದಿಯಾಗಬೇಕಿತ್ತು, ಆಗಿಲ್ಲ. ಚೆನ್ನಾಗಿದ್ದೀರಾ? ಅವರು ಬಂದರಾ? ಒಂದು ಕಾರ್ಡು ಹಾಕಿ ಸಾಕು.

ತಮ್ಮ


ಮೇ 6

ತಮ್ಮಾ,

ಬಂದರು.

ನಿನ್ನ ಷಡ್ಡಕ ಹೋದ ಮೇಲೆ ಚೀಲ ಗೀಲ ಏನೂ ಇಡದೆ, ಕೂತು ಕೀಲಿ ತಿರುಗಿಸಿದೆ. ಟಿಣ್ ಟಿಣ್. ಅದೇ ಸದ್ದು. ನಾನು ಎಷ್ಟು ಹೊತ್ತು ಸ್ಟೀರಿಂಗ್ ಹಿಡಿದು ಅತ್ತೆನೋ ಗೊತ್ತಿಲ್ಲ, ಅದು ಹೊಡೆದುಕೊಳ್ಳುತ್ತಲೇ ಇತ್ತು. ಪಕ್ಕದ ಕಿಟಕಿಯ ಮೇಲೆ ನೀನು ಬರೆದ ಹಾಗೆಯೇ ಅಂಗೈಯಗಲ ಮಂಜು. ಆಮೇಲೆ ಕಣ್ಣೊರೆಸಿಕೊಂಡು ಹೊರಟೆ. ಶಾಲೆಯ ದಾರಿ ಹಿಡಿದೆ. ಔಷಧಿ ಅಂಗಡಿ ದಾಟಿದೆವು, ಅವರ ಹೊಲಿಗೆ ಅಂಗಡಿ ದಾಟಿದೆವು, ಅಲ್ಲೀಗ ಯಾರೋ ಚಪ್ಪಲಿ ಮಾರುತ್ತಾರೆ. ಎರಡು ವರ್ಷದಲ್ಲಿ ಅಷ್ಟು ಸುಖವಾಗಿ ನಾನು ಉಸಿರಾಡಿರಲಿಲ್ಲ. ಎಲ್ಲಾ ಮೊದಲಿನ ಹಾಗೆಯೇ ಇತ್ತು. ಅದೇ ಕೆಟ್ಟದ್ದಾಯಿತು.

ಶಾಲೆಯ ಹತ್ತಿರದ ತಿರುವಿನಲ್ಲಿ ನನ್ನ ಬಾಯಿ ಅದರಷ್ಟಕ್ಕೇ ತೆರೆದುಕೊಂಡಿತು. ದಿನಾ ಅದೇ ಜಾಗದಲ್ಲಿ ಸಹನೆ ಕೆಟ್ಟು ಹೇಳುತ್ತಿದ್ದ ಮಾತು, ಅದೇ ದನಿಯಲ್ಲಿ: "ಬೆಲ್ಟ್ ಹಾಕ್ಕೊಳ್ರೀ, ಎಷ್ಟು ಸಲ ಹೇಳೋದು ನಿಮಗೆ."

ಪಕ್ಕದಲ್ಲಿ ಟಕ್ ಎಂದಿತು. ಗಂಟೆ ನಿಂತಿತು.

ಗಾಡಿ ನಿಲ್ಲಿಸಿ ತಿರುಗಿ ನೋಡಿದೆ. ಬೆಲ್ಟ್ ಹಾಕಿತ್ತು. ಖಾಲಿ ಸೀಟಿಗೆ ಹಾಕಿದ ಬೆಲ್ಟ್ ಸೀಟಿನ ಬೆನ್ನಿಗೆ ಅಂಟಿಕೊಳ್ಳುತ್ತದೆ, ನಿನಗೇ ಗೊತ್ತು. ಇದು ಒಂದು ಗೇಣು ಮುಂದೆ ನಿಂತಿತ್ತು, ಎದೆಯ ಮೇಲೆ ಹಾದುಹೋದ ಹಾಗೆ. ಕಿಟಕಿಯ ಮೇಲಿನ ಮಂಜು ನಾನು ನೋಡುತ್ತಿದ್ದಂತೆ ಆರಿಹೋಯಿತು, ಮತ್ತೆ ಮೂಡಲಿಲ್ಲ. ಬದುಕಿದ್ದಷ್ಟು ದಿನ ಒಂದು ಸಲವೂ ಮಾತು ಕೇಳದ ಮನುಷ್ಯ, ತಮ್ಮಾ. ಈಗ ಒಂದೇ ಸಲಕ್ಕೆ ಕೇಳಿಬಿಟ್ಟರು.

ಗಾಡಿ ಮನೆಯ ಮುಂದೆ ನಿಂತಿದೆ. ಬೆಲ್ಟ್ ಹಾಗೆಯೇ ಇದೆ, ಇನ್ನೂ ಗೇಣಿನಷ್ಟು ಮುಂದೆ. ಬದಿಯ ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಒತ್ತಿದರೆ ಟಿಣ್ ಟಿಣ್ ಮತ್ತೆ ಶುರುವಾಗಬಹುದು. ಇಲ್ಲವೇ ಅವತ್ತು ಆಸ್ಪತ್ರೆಯ ಬಾಗಿಲಲ್ಲಿ ಆದ ಹಾಗೆ ಆಗಬಹುದು. ಅವತ್ತು ಬಿಚ್ಚಿದವರು ಯಾರೋ. ಈಗ ನಾನೇ ಬಿಚ್ಚಬೇಕು. ಕೈ ಅಲ್ಲಿಯವರೆಗೆ ಹೋಗುತ್ತದೆ, ವಾಪಸ್ ಬರುತ್ತದೆ.

ಬೆಳಿಗ್ಗೆ ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಸಂಜೆಯವರೆಗೆ ಕೂತಿರುತ್ತೇನೆ. ಮಗಳು ಫೋನ್ ಮಾಡಿದರೆ ಇಳಿದು, ಮನೆಯೊಳಗೆ ಹೋಗಿ, ಬಾಗಿಲು ಹಾಕಿಕೊಂಡು ಮಾತಾಡುತ್ತೇನೆ. ಗಾಡಿಯಲ್ಲಿ ತುಟಿ ಬಿಚ್ಚುವುದಿಲ್ಲ. ಈಗ ನಾನು ಏನು ಹೇಳಿದರೂ ಅವರು ಕೇಳಿಬಿಡುತ್ತಾರೆ.

ಅಕ್ಕ